ಬೆನೆಡಿಕ್ಟಾ ನೋಡುತ್ತ ಕೂತ ಮೂರು ಶುಕ್ರವಾರ

ಸ್ಯಾಮುವೆಲ್‌ನ ಹೊಟ್ಟೆಯನ್ನು ಬೆನೆಡಿಕ್ಟಾ ಮೊದಲು ಕಂಡದ್ದು ಫೋನಿನಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ತಂಗಿಯ ಮಗಳು ಬ್ರೆಂಡಾ ಫೋನನ್ನು ಅವಳ ತಟ್ಟೆಯ ಪಕ್ಕಕ್ಕೆ ಸರಿಸಿ, "ಸೀ ಮಾವ್ಶಿ, ನಮ್ಮ ಹೊಸ ಕೋಚ್" ಅಂದಳು. ಮೂವತ್ತಾರರ ಆಸುಪಾಸಿನ ಗಂಡಸೊಬ್ಬ ಬನಿಯನ್ನಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಮೇಲೆತ್ತಿಕೊಂಡು, ಎಣ್ಣೆ ಹಚ್ಚಿದ ಹೊಟ್ಟೆಯ ಎಂಟು ಗಂಟುಗಳನ್ನು ಕ್ಯಾಮೆರಾಕ್ಕೆ ಒಪ್ಪಿಸುತ್ತ ನಿಂತಿದ್ದ.

ಬೆನೆಡಿಕ್ಟಾ ಬಂಗುಡೆಯ ಮುಳ್ಳು ಬಿಡಿಸುವುದನ್ನು ನಿಲ್ಲಿಸದೆ ನೋಡಿದಳು. "ಇವನಿಗೆ ಬೆನ್ನು ಉಂಟಾ?"

"ವಾಟ್ ಡು ಯು ಮೀನ್?"

"ಎಲ್ಲ ಫೋಟೋದಲ್ಲೂ ಮುಂದಿನ ಭಾಗ ಮಾತ್ರ ಉಂಟು. ಅದಕ್ಕೆ ಕೇಳಿದೆ."

ಬ್ರೆಂಡಾ ಫೋನನ್ನು ಹಿಂದಕ್ಕೆ ಎಳೆದುಕೊಂಡಳು. ಇಪ್ಪತ್ನಾಲ್ಕರ ಹುಡುಗಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಎರಡು ವರ್ಷದಿಂದ ಕುವೈತಿನ ಫಿಂಟಾಸ್‌ನ ಈ ಫ್ಲ್ಯಾಟಿನಲ್ಲಿ ದೊಡ್ಡಮ್ಮನ ಜೊತೆಗೇ ಇದ್ದಳು. ದೊಡ್ಡಮ್ಮ ಯಾರನ್ನೂ ಸುಲಭವಾಗಿ ಒಪ್ಪುವವಳಲ್ಲ ಎಂಬುದು ಅವಳಿಗೆ ಅಷ್ಟರಲ್ಲಿ ಚೆನ್ನಾಗಿ ತಿಳಿದಿತ್ತು.

ಬೆನೆಡಿಕ್ಟಾ ಫಿಸಿಯೋಥೆರಪಿಸ್ಟ್. ವಯಸ್ಸು ಐವತ್ತೊಂದು, ಮದುವೆಯಾಗಿಲ್ಲ, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ವಾಲ್ವ್ ತಿರುಗಿಸಿ ಸೊಂಟ ಕಳೆದುಕೊಂಡವರು, ಶುವೈಖ್ ವರ್ಕ್‌ಶಾಪುಗಳಲ್ಲಿ ಎಂಜಿನ್ ಎತ್ತಿ ಬೆನ್ನು ಹಿಡಿದುಕೊಂಡವರು, ಎಲ್ಲರೂ ಅವಳ ಮೇಜಿನ ಮೇಲೆ ಬೋರಲು ಮಲಗಿ ಎದ್ದುಹೋದವರೇ. ಸಾವಿರಾರು ಬೆನ್ನುಗಳನ್ನು ಒತ್ತಿ ಅವಳು ಕಂಡುಕೊಂಡದ್ದು ಒಂದೇ: ಮನುಷ್ಯನ ನಡುವಿನ ಬಲ, ಜಿಮ್ಮಿನವರು ಕೋರ್ ಎನ್ನುವುದು, ಕಣ್ಣಿಗೆ ಕಾಣುವ ವಸ್ತುವಲ್ಲ. ಯಾರಾದರೂ ಪಕ್ಕದಿಂದ ತಳ್ಳಿದಾಗ ಪಕ್ಕೆಲುಬು ಒಂದು ಕಡೆ, ಸೊಂಟ ಇನ್ನೊಂದು ಕಡೆ ತಿರುಚಿಕೊಳ್ಳದೆ ಎರಡೂ ಒಟ್ಟಿಗೆ ನಿಲ್ಲಬೇಕು. ಬಲ ಅಂದರೆ ಅಷ್ಟೇ. ಉಳಿದದ್ದೆಲ್ಲ ಫೋಟೋ ಸ್ಟುಡಿಯೋದ ಕೆಲಸ.

ಬ್ರೆಂಡಾ ಸೇರಿಕೊಂಡಿದ್ದ ಆಟದ ಹೆಸರು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲಾದರೂ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೇ ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾತಿಗೆ ದಾಟಿಸಬಹುದು. ಚೆಂಡು ಹಿಡಿದವಳನ್ನು ಎದುರಾಳಿ ಭುಜದ ಕೆಳಗೆ, ಮೊಣಕಾಲಿನ ಮೇಲೆ ಎಲ್ಲಿಯಾದರೂ ತಬ್ಬಿ ಕೆಡವಬಹುದು, ಅದಕ್ಕೆ ಟ್ಯಾಕಲ್ ಅನ್ನುತ್ತಾರೆ. ತಲೆಗೆ ಟೊಪ್ಪಿಯಿಲ್ಲ, ಎದೆಗೆ ದಿಂಬಿಲ್ಲ. ಕ್ಯಾಥರಿನ್ ಎಂಬ ಆಸ್ಟ್ರೇಲಿಯದ ಶಾಲಾ ಟೀಚರ್ ಮೂರು ವರ್ಷದ ಹಿಂದೆ ಅಹ್ಮದಿಯ ಹುಲ್ಲಿನ ಮೈದಾನದಲ್ಲಿ ಈ ಹೆಂಗಸರ ತಂಡ ಕಟ್ಟಿದ್ದಳು. ಐರಿಷ್ ಟೀಚರುಗಳು, ಫಿಲಿಪಿನೋ ನರ್ಸುಗಳು, ನಮ್ಮ ಕಡೆಯ ಇಬ್ಬರು. ಅಕ್ಟೋಬರಿನಲ್ಲಿ ಕ್ಯಾಥರಿನ್‌ಳ ಕಾಂಟ್ರಾಕ್ಟ್ ಮುಗಿದು ಅವಳು ಅಡಿಲೇಡಿಗೆ ಮರಳಿದಳು. ಆರು ಚೆಂಡು, ಒಂದು ಸೀಟಿ ಬಿಟ್ಟುಹೋದಳು. ಸೀಟಿ ಸ್ಯಾಮುವೆಲ್‌ನ ಬಾಯಿಗೆ ಬಂತು.

ಮೈದಾನದವರು ಫಸ್ಟ್ ಏಡ್ ಬಲ್ಲವರೊಬ್ಬರು ಹಾಜರಿಲ್ಲದೆ ಆಡುವಂತಿಲ್ಲ ಎಂದು ಪಟ್ಟು ಹಿಡಿದರು. ಬ್ರೆಂಡಾ ಎರಡು ದಿನ ಗೋಗರೆದ ಮೇಲೆ ಬೆನೆಡಿಕ್ಟಾ ಮಡಚುವ ಕುರ್ಚಿ, ಚಹಾದ ಫ್ಲಾಸ್ಕು, ಬ್ಯಾಂಡೇಜಿನ ಪೆಟ್ಟಿಗೆ ಹಿಡಿದು ಹೊರಟಳು.

ಮೊದಲ ಶುಕ್ರವಾರ ಸ್ಯಾಮುವೆಲ್ ಚೆಂಡನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಹದಿನಾಲ್ಕು ಹೆಂಗಸರನ್ನು ಸಾಲಾಗಿ ಹುಲ್ಲಿನ ಮೇಲೆ ಮೊಣಕೈ ಊರಿ ಹಲಗೆಯ ಹಾಗೆ ನಿಲ್ಲಿಸಿ, ಸ್ಟಾಪ್‌ವಾಚ್ ಹಿಡಿದು ಅವರ ನಡುವೆ ಓಡಾಡಿದ. ಓಡಾಡುತ್ತ ಭಾಷಣ ಮಾಡಿದ. ತಾನು ಆಸ್ಟ್ರೇಲಿಯದ ಪರ್ತ್‌ನಲ್ಲಿ ಆರು ತಿಂಗಳಿದ್ದದ್ದು, ಅಲ್ಲಿ ದೊಡ್ಡ ದೊಡ್ಡ ಆಟಗಾರರು ತನ್ನ ಜಿಮ್ಮಿಗೆ ಬರುತ್ತಿದ್ದದ್ದು. ಅವರು ಬರುವಾಗ ಇವನು ಅಲ್ಲಿ ಟವೆಲ್ ಮಡಚುತ್ತಿದ್ದಿರಬೇಕು ಎಂದು ಬೆನೆಡಿಕ್ಟಾ ಲೆಕ್ಕ ಹಾಕಿದಳು. ಬ್ರೆಂಡಾ ಐದು ನಿಮಿಷ ಇಪ್ಪತ್ತು ಸೆಕೆಂಡು ನಿಂತಳು, ಎಲ್ಲರಿಗಿಂತ ಹೆಚ್ಚು. ಶರಣ್ಯಾ ಎಂಬವಳು ಮೂವತ್ತೆಂಟು ಸೆಕೆಂಡಿಗೆ ಹೊಟ್ಟೆ ಕೆಳಗೆ ಬಿಟ್ಟು ಹುಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿದಳು.

"ಶರಣ್ಯಾ," ಸ್ಯಾಮುವೆಲ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ನಿನ್ನದು ಕೋರ್ ಅಲ್ಲ, ಸ್ಟೋರ್."

ಕನ್ನಡ ಬಾರದವರೂ ನಕ್ಕರು. ಬ್ರೆಂಡಾ ಕೂಡ ನಕ್ಕಳು.

ಶರಣ್ಯಾ ಬೆಳ್ತಂಗಡಿ ಕಡೆಯ ತುಳು ಹೆಂಗಸು, ಮೂವತ್ತೆರಡರ ಗಟ್ಟಿ ಆಳು. ಹೋಟೆಲೊಂದರಲ್ಲಿ ದಿನಕ್ಕೆ ಹದಿನಾಲ್ಕು ರೂಮುಗಳ ಹಾಸಿಗೆ ಎತ್ತಿ ಚಾದರ ಬದಲಿಸುವುದು ಅವಳ ಕೆಲಸ. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಈ ಆಟಕ್ಕೆ ಬಂದ ಹೊಸದರಲ್ಲಿ ಓಡುವವರ ಪಾದಕ್ಕೇ ಕೈ ಹಾಕಿ ಸೀಟಿ ಊದಿಸಿಕೊಳ್ಳುತ್ತಿದ್ದಳಂತೆ. ಕ್ಯಾಥರಿನ್ ಅದನ್ನು ಬಿಡಿಸಿ ಹಿಡಿತವನ್ನು ಸೊಂಟಕ್ಕೆ ಏರಿಸಿದ್ದಳು.

ಎರಡನೆಯ ಶುಕ್ರವಾರ ಒಬ್ಬಳು ಚೆಂಡು ಹಿಡಿದು ಓಡಬೇಕು, ಇನ್ನೊಬ್ಬಳು ಕೆಡವಬೇಕು ಎಂದಾಗ ಬೆನೆಡಿಕ್ಟಾ ಶರಣ್ಯಾಳನ್ನು ಸರಿಯಾಗಿ ನೋಡಿದಳು. ಓಡಿ ಬರುವವಳು ಹತ್ತಿರವಾಗುತ್ತಿದ್ದ ಹಾಗೆ ಶರಣ್ಯಾಳ ಹೆಜ್ಜೆ ಚಿಕ್ಕದಾಯಿತು. ಮಂಡಿ ಬಾಗಿತು, ಸೊಂಟ ಕೆಳಗಿಳಿಯಿತು, ಬೆನ್ನು ಮಾತ್ರ ನೇರ. ತಲೆಯನ್ನು ಎದುರಾಳಿಯ ಮುಂದಕ್ಕೆ ಕೊಡದೆ ಪಕ್ಕಕ್ಕೆ, ಅವಳ ಸೊಂಟದ ಹಿಂಬದಿಗೆ ಒತ್ತಿ, ಭುಜದಿಂದ ಹೊಡೆದು, ಚೆಂಡಿರುವ ಕೈಯನ್ನು ಸೇರಿಸಿ ತಬ್ಬಿ, ತನ್ನ ತೂಕವನ್ನೇ ಕೆಳಕ್ಕೆ ಬಿಟ್ಟಳು. ಇಬ್ಬರೂ ಗೋಣಿಚೀಲ ಇಳಿಸಿದ ಹಾಗೆ ಮೆಲ್ಲಗೆ ಹುಲ್ಲಿಗೆ ಬಂದರು. ಕೆಳಗೆ ಬಿದ್ದವಳಿಗೆ ನೋವಿಲ್ಲ, ಚೆಂಡೂ ಇಲ್ಲ.

ಆಮೇಲೆ ಬ್ರೆಂಡಾಳ ಸರದಿ. ಐದು ನಿಮಿಷದ ಹಲಗೆ ನೆಟ್ಟಗೆ ನಿಂತೇ ಕೈ ಚಾಚಿತು. ಓಡಿ ಬಂದ ನರ್ಸು ಅವಳನ್ನು ಬಾಗಿಲ ಪರದೆಯ ಹಾಗೆ ಸರಿಸಿ ಮುಂದೆ ಹೋದಳು.

ಸ್ಯಾಮುವೆಲ್ ಶರಣ್ಯಾಳನ್ನು ಮೀಸಲು ಪಟ್ಟಿಗೆ ಹಾಕಿದ. ಅವಳ ಟ್ಯಾಕಲ್‌ನಲ್ಲಿ "ಪವರ್" ಕಾಣುವುದಿಲ್ಲವಂತೆ. ಕಾಣುವುದಿಲ್ಲ ನಿಜ, ಬೆನೆಡಿಕ್ಟಾ ಚಹಾ ಗುಟುಕರಿಸುತ್ತ ಅಂದುಕೊಂಡಳು. ನಿನ್ನ ಕ್ಯಾಮೆರಾಕ್ಕೆ ಕಾಣುವುದು ಎಣ್ಣೆ ಹಚ್ಚಿದ್ದು ಮಾತ್ರ.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನ ಶಮೀಲಾಳ ಎದುರು ಅವಳು ಸ್ಯಾಮುವೆಲ್‌ನ ನಡಿಗೆಯನ್ನೇ ನಡೆದು ತೋರಿಸಿದಳು: ಕಂಕುಳಲ್ಲಿ ಹಲಸಿನ ಹಣ್ಣು ಇಟ್ಟುಕೊಂಡವನಂತೆ ಎರಡೂ ತೋಳು ಅಗಲಿಸಿ. ಶಮೀಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನೀವು ಅವನಿಗೆ ಹೇಳ್ಬೇಕು ಮೇಡಂ, ಹೀಗಲ್ಲ ಅಂತ."

"ಅವನಿಗಾ? ಅವನ ಕಿವಿಯಲ್ಲೂ ಮಸಲ್ಸ್ ಬಂದಿದೆ. ಒಳಗೆ ಎಂತದೂ ಹೋಗ್ಲಿಕ್ಕಿಲ್ಲ."

ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೇಳುವ ಮನಸ್ಸೇ ಇರಲಿಲ್ಲ. ವಾರವಿಡೀ ಬೆನ್ನು ಒತ್ತಿ ದಣಿದವಳಿಗೆ ಶುಕ್ರವಾರ ಸಂಜೆ ಒಬ್ಬ ಮೂರ್ಖ ಕಣ್ಣೆದುರೇ ಮೂರ್ಖನಾಗುತ್ತ ಹೋಗುವುದನ್ನು ನೋಡುವುದರಲ್ಲಿ ಒಂದು ರುಚಿ ಹತ್ತಿಬಿಟ್ಟಿತ್ತು.

ಮೂರನೆಯ ಶುಕ್ರವಾರ ಸ್ಯಾಮುವೆಲ್ ಸ್ವಿಂಗ್ ಕಲಿಸಿದ. ಮುಂದಿನ ವಾರ ಬಹರೇನಿನ ತಂಡ ಆಡಲು ಬರುವುದಿತ್ತು, ಅವರನ್ನು ಹೆದರಿಸಬೇಕಿತ್ತು. ಹಿಂದಿನಿಂದ ಬಂದು ಎದುರಾಳಿಯ ಎರಡೂ ಕೈಗಳನ್ನು ಸೇರಿಸಿ ಬಿಗಿಯಾಗಿ ಹಿಡಿ, ಹೊಟ್ಟೆ ಗಟ್ಟಿ ಮಾಡು, ಸೊಂಟದಿಂದ ತಿರುಗಿ ಬೀಸಿ ಒಗೆ ಎಂದ. "ದಟ್ಸ್ ವೇರ್ ಯುವರ್ ಕೋರ್ ಕಮ್ಸ್ ಇನ್." ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ಚಾಲೂ ಮಾಡಿದ.

ಬೆನೆಡಿಕ್ಟಾಗೆ ಇದು ಏನೆಂದು ಗೊತ್ತಿತ್ತು. ಎರಡೂ ಕೈ ಕಟ್ಟಿಸಿಕೊಂಡು ಬೀಳುವವರಿಗೆ ನೆಲಕ್ಕೆ ಊರಲು ಕೈಯಿರುವುದಿಲ್ಲ. ಮೊದಲು ತಲುಪುವುದು ತಲೆ. ಈ ಆಟದಲ್ಲಿ ಅದು ನಿಷಿದ್ಧವೂ ಹೌದು ಎಂದು ಅವಳು ಎರಡನೆಯ ವಾರವೇ ನಿಯಮಗಳ ಪುಸ್ತಕ ತೆಗೆದು ಓದಿಕೊಂಡಿದ್ದಳು, ಶಮೀಲಾಗೆ ಹೇಳಿ ನಗಲೆಂದು. ಈಗ ಅವಳು ಕುರ್ಚಿಯಿಂದ ಏಳಲಿಲ್ಲ. ಮಾಡು, ಇನ್ನೂ ಚೆನ್ನಾಗಿ ಮಾಡು, ವಿಡಿಯೋನೂ ಇರಲಿ ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

ಚೆಂಡು ಹಿಡಿದು ಬಂದವಳು ಬ್ರೆಂಡಾ. ಬೀಸಿದವಳು ಐದಡಿ ಹತ್ತಂಗುಲದ ಒಬ್ಬ ಐರಿಷ್ ಟೀಚರ್. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸಾಧು ಹೆಂಗಸು. ಬ್ರೆಂಡಾಳ ಕಾಲು ನೆಲ ಬಿಟ್ಟಿತು. ತಲೆಯ ಪಕ್ಕ ನೆಲಕ್ಕೆ ಬಡಿದ ಸದ್ದು ಕುರ್ಚಿಯವರೆಗೂ ಕೇಳಿತು.

ಬೆನೆಡಿಕ್ಟಾ ಓಡಿದಳು. ಬಿಸಿ ಚಹಾ ಮಣಿಕಟ್ಟಿನ ಮೇಲೆ ಚೆಲ್ಲಿದ್ದು ಅವಳಿಗೆ ಗೊತ್ತಾದದ್ದು ಆಮೇಲೆ. ಬ್ರೆಂಡಾ ಕಣ್ಣು ಬಿಟ್ಟಿದ್ದಳು, ಆದರೆ ಆ ಕಣ್ಣು ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಸ್ಯಾಮುವೆಲ್ ಬಂದು ಚಪ್ಪಾಳೆ ತಟ್ಟಿದ.

"ಶೀ ಈಸ್ ಫೈನ್, ಆಂಟಿ. ಯಲ್ಲಾ ಬ್ರೆಂಡಾ, ಅಪ್, ಅಪ್."

"ಅವಳನ್ನು ಮುಟ್ಟಬೇಡ."

"ಈ ಗೇಮ್‌ನಲ್ಲಿ ಇದೆಲ್ಲ ಕಾಮನ್, ಆಂಟಿ. ಟಫ್ ಆಗ್ಬೇಕು."

ಬೆನೆಡಿಕ್ಟಾ ಬ್ರೆಂಡಾಳ ಕುತ್ತಿಗೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ತಲೆಯೆತ್ತಿ ಅವನನ್ನು ನೋಡಿದಳು. "ಇವತ್ತು ಯಾವ ದಿನ ಅಂತ ಅವಳನ್ನು ಕೇಳು."

ಸ್ಯಾಮುವೆಲ್ ಕೇಳಲಿಲ್ಲ. ಬೆನೆಡಿಕ್ಟಾಳೇ ಕೇಳಿದಳು. ಬ್ರೆಂಡಾ ಯೋಚಿಸಿ, "ಟ್ಯೂಸ್ಡೇ" ಅಂದಳು. ಆಮೇಲೆ ಒಂದು ಪಕ್ಕಕ್ಕೆ ವಾಂತಿ ಮಾಡಿದಳು. ಶರಣ್ಯಾ ಅಷ್ಟರಲ್ಲಿ ಆಂಬುಲೆನ್ಸಿಗೆ ಫೋನು ಮಾಡಿ, ಗೇಟಿನ ಬಳಿ ಹೋಗಿ ನಿಂತಿದ್ದಳು.

ಸ್ಕ್ಯಾನಿನಲ್ಲಿ ರಕ್ತಸ್ರಾವವೇನೂ ಕಾಣಲಿಲ್ಲ. ಕನ್ಕಷನ್, ಮಿದುಳಿಗೆ ಒಳಪೆಟ್ಟು, ಅಂದರು ಡಾಕ್ಟರು. ಕನಿಷ್ಠ ಇಪ್ಪತ್ತೊಂದು ದಿನ ಆಟವಿಲ್ಲ, ಮೊದಲ ಎರಡು ದಿನ ಫೋನೂ ಇಲ್ಲ. ಶನಿವಾರ ಮಧ್ಯಾಹ್ನ ಪರದೆ ಎಳೆದ ಕೋಣೆಯಲ್ಲಿ ಬ್ರೆಂಡಾ ದಿಂಬಿಗೆ ಒರಗಿ ಕೂತಿದ್ದಳು. ಬೆನೆಡಿಕ್ಟಾ ಗಂಜಿಯ ಬಟ್ಟಲು ತಂದಳು. ಒಳಗೆ ಹೆದರಿಕೆಯಿನ್ನೂ ಆರಿರಲಿಲ್ಲ, ಆದ್ದರಿಂದ ಬಾಯಿ ತುಂಬ ಸ್ಯಾಮುವೆಲ್ ಇದ್ದ. ಅಡಿಕೆ ಗಾತ್ರದ ಮಿದುಳು, ಕನ್ನಡಿ ನೋಡಿ ಕಲಿತ ವಿದ್ಯೆ, ಟವೆಲ್ ಮಡಚುವವನು. "ಮೊದಲ ದಿನವೇ ನಂಗೆ ಗೊತ್ತಿತ್ತು," ಅಂದಳು. "ಇವನು ಯಾರದ್ದಾದ್ರೂ ತಲೆ ಒಡೀತಾನೆ ಅಂತ ಮೊದಲ ದಿನವೇ."

ಬ್ರೆಂಡಾ ಚಮಚವನ್ನು ಬಟ್ಟಲಿಗೆ ಇಳಿಸಿದಳು.

"ಯು ನ್ಯೂ?"

"ಮತ್ತೆ? ಇಪ್ಪತ್ತೆರಡು ವರ್ಷ ಎಂತ ಮಾಡಿದ್ದೇನೆ ನಾನು?"

"ದೆನ್ ವೈ ಡಿಡ್ ಯು ನಾಟ್ ಸೇ ಎನಿಥಿಂಗ್?"

"ಅವನು ಕೇಳುವವನಾ?"

"ನಾಟ್ ಟು ಹಿಮ್. ಟು ಮಿ." ಬ್ರೆಂಡಾ ಮೆಲ್ಲಗೆ ಮಾತಾಡುತ್ತಿದ್ದಳು, ಜೋರಾದರೆ ತಲೆ ಸಿಡಿಯುತ್ತಿತ್ತು. "ನೀವು ಅಲ್ಲೇ ಕೂತಿದ್ರಿ. ಥ್ರೀ ವೀಕ್ಸ್. ಯು ವರ್ ಎಂಜಾಯಿಂಗ್ ಇಟ್, ಮಾವ್ಶಿ."

ಬೆನೆಡಿಕ್ಟಾ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಿಂಕಿನಲ್ಲಿ ನೀರು ಬಿಟ್ಟು, ಬಟ್ಟಲು ತೊಳೆಯದೆ ನಿಂತಳು. ಸ್ಯಾಮುವೆಲ್‌ಗಾದರೂ ಗೊತ್ತಿರಲಿಲ್ಲ, ಗೊತ್ತಿಲ್ಲದ ಮೂರ್ಖ. ಗೊತ್ತಿದ್ದೂ ಕುರ್ಚಿಯಲ್ಲಿ ಕೂತ ಹೆಂಗಸಿಗೆ ಏನನ್ನಬೇಕು? ಇಷ್ಟು ವರ್ಷ ಇತರರಿಗೆ ಅಳೆದು ಕೊಟ್ಟ ತಾತ್ಸಾರದಲ್ಲಿ ಒಂದು ಪಾಲು ತನಗೂ ಸಲ್ಲಬೇಕಾದದ್ದು ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು. ಅದು ಹಿತವಾಗಿರಲಿಲ್ಲ.

ಬಹರೇನಿನ ತಂಡ ಬಂದ ದಿನ ಅವಳು ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ ಸ್ಯಾಮುವೆಲ್‌ನ ಎದುರು ನಿಂತಳು. ಸ್ವಿಂಗ್ ನಿಯಮಕ್ಕೆ ವಿರುದ್ಧ, ಅಪಾಯ, ಹುಡುಗಿಯರಿಗೆ ಬೇಡವೆಂದು ಹೇಳು ಎಂದಳು. ಸ್ಯಾಮುವೆಲ್ ತುಂಬ ಮರ್ಯಾದೆಯಿಂದ ಕೇಳಿಸಿಕೊಂಡ.

"ಗುಡ್ ಫೀಡ್‌ಬ್ಯಾಕ್, ಆಂಟಿ. ಐ ರಿಯಲಿ ಅಪ್ರಿಷಿಯೇಟ್."

"ಹೇಳ್ತೀಯಾ?"

"ಡೆಫಿನೆಟ್ಲಿ. ನೆಕ್ಸ್ಟ್ ವೀಕ್ ಇದ್ರ ಮೇಲೆ ಒಂದು ಸೆಷನ್ ಮಾಡೋಣ."

ಅವನನ್ನು ಬೈಯಲು ಹೋದರೆ ಬೈಗುಳ ಆ ಎಣ್ಣೆಯ ಮೇಲೆ ಜಾರಿ ಕೆಳಗೆ ಬೀಳುತ್ತಿತ್ತು. ಬೆನೆಡಿಕ್ಟಾ ಬೈಯಲಿಲ್ಲ. ಆಟಗಾರ್ತಿಯರು ಶೂ ಕಟ್ಟುತ್ತಿದ್ದಲ್ಲಿಗೆ ನೇರ ಹೋಗಿ ತನ್ನ ಒರಟು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು. ಐರಿಷ್ ಟೀಚರ್ ಅತ್ತಳು. ಕೆಲವರು ತಲೆಯಾಡಿಸಿದರು. ಇಬ್ಬರು ಕೋಚ್‌ನ ಕಡೆ ನೋಡಿದರು. ಆ ಇಬ್ಬರೇ ಆಟದಲ್ಲಿ ಬೀಸಿದರು. ಮೊದಲನೆಯವಳಿಗೆ ಅಂಪೈರ್ ಎಚ್ಚರಿಕೆ ಕೊಟ್ಟು ಚೆಂಡನ್ನು ಎದುರಾಳಿಗೆ ಒಪ್ಪಿಸಿದ. ಎರಡನೆಯವಳನ್ನು ಮೈದಾನದಿಂದಲೇ ಹೊರಗೆ ಕಳಿಸಿದ. ಅಷ್ಟರಲ್ಲಿ ಇನ್ನೊಬ್ಬಳ ಕಾಲು ಉಳುಕಿತು. ಮೀಸಲಿನಲ್ಲಿ ಉಳಿದಿದ್ದವಳು ಶರಣ್ಯಾ ಒಬ್ಬಳೇ.

ಅವಳು ಹೋಗಿ ಉಳಿದ ಅರ್ಧ ಗಂಟೆಯಲ್ಲಿ ಹನ್ನೊಂದು ಜನರನ್ನು ಮಲಗಿಸಿದಳು. ಬಹರೇನಿನ ಕಡೆ ಒಬ್ಬಳು ಎತ್ತರದ ವೇಗದ ಓಟಗಾರ್ತಿ ಇದ್ದಳು. ಆಟದುದ್ದಕ್ಕೂ ಎಲ್ಲರನ್ನೂ ಭುಜದಿಂದ ತಳ್ಳಿಕೊಂಡೇ ಹೋಗಿದ್ದಳು. ಶರಣ್ಯಾ ಅವಳ ದಾರಿಗೆ ಅಡ್ಡ ಬಂದು, ಹೆಜ್ಜೆ ಚಿಕ್ಕದು ಮಾಡಿ, ಕಾದಳು. ಭುಜ ಬಂದು ತಾಗಿದಾಗ ಅವಳ ನಡು ಒಂದಿಂಚೂ ತಿರುಚಲಿಲ್ಲ. ಆಮೇಲೆ ಇಬ್ಬರೂ ಹುಲ್ಲಿನ ಮೇಲಿದ್ದರು. ಎದ್ದ ಓಟಗಾರ್ತಿ ಇವಳ ಬೆನ್ನು ತಟ್ಟಿ ಹೋದಳು.

ಆದರೂ ತಂಡ ಸೋತಿತು, ದೊಡ್ಡ ಅಂತರದಲ್ಲೇ ಸೋತಿತು. ಒಬ್ಬಳಿಂದ ಆಗುವ ಆಟವಲ್ಲ ಅದು.

ಮರುದಿನ ಸ್ಯಾಮುವೆಲ್‌ನ ಪುಟದಲ್ಲಿ ಶರಣ್ಯಾಳ ಆ ಟ್ಯಾಕಲ್‌ನ ವಿಡಿಯೋ ಬಂತು, ಹಿಂದೆ ಸಂಗೀತ ಸೇರಿಸಿ. ಕೆಳಗೆ, "ನನ್ನ ಕೋರ್ ಪ್ರೋಗ್ರಾಮ್‌ನ ಎಂಟು ವಾರದ ಫಲ." ಎಂಟು ವಾರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಬೆನೆಡಿಕ್ಟಾ ಅದನ್ನು ನೋಡಿ ಶರಣ್ಯಾಗೆ ಫೋನು ಮಾಡಿದಳು.

"ನೋಡಿದೆ ಮೇಡಂ," ಶರಣ್ಯಾ ಅಂದಳು. ಹಿಂದೆ ವ್ಯಾಕ್ಯೂಮ್ ಕ್ಲೀನರಿನ ಸದ್ದಿತ್ತು. "ಹಾಕ್ಲಿ ಬಿಡಿ."

"ನಿನ್ನನ್ನು ಬೆಂಚಿನಲ್ಲಿ ಕೂರಿಸಿದವನು. ಸ್ಟೋರ್ ಅಂದವನು."

"ಅವನಿಗೆ ಬೇರೆ ಎಂತ ಉಂಟು ಹಾಕ್ಲಿಕ್ಕೆ, ಪಾಪ. ನಂಗೆ ಬಲಗೈ ಮೇಲೆತ್ತುವಾಗ ಹಿಡೀತದೆ ಮೇಡಂ, ಚಾದರ ಕೊಡವ್ಲಿಕ್ಕೆ ಆಗುದಿಲ್ಲ. ಒಮ್ಮೆ ನೋಡ್ತೀರಾ?"

ಸಂಜೆ ಶರಣ್ಯಾ ಫಿಂಟಾಸ್‌ನ ಮನೆಗೇ ಬಂದಳು. ಬೆನೆಡಿಕ್ಟಾ ಅವಳ ಹೆಗಲಿಗೆ ಐಸ್ ಇಟ್ಟು ಒತ್ತಿದಳು. ಕೈಯಡಿ ಸಿಕ್ಕಿದ ಬೆನ್ನು ಗಟ್ಟಿಯಾಗಿ, ಸಮವಾಗಿ, ಎಲ್ಲೂ ಸುಳ್ಳಿಲ್ಲದೆ ಇತ್ತು. ಇಂಥ ಬೆನ್ನು ಅಪರೂಪ ಎಂದು ಹೇಳಬೇಕೆನ್ನಿಸಿತು. ಹೊಗಳಿ ಅಭ್ಯಾಸವಿಲ್ಲದೆ, "ಚಹಾ ಕುಡಿದು ಹೋಗು" ಅಂದಳು. ಬ್ರೆಂಡಾ ಕೋಣೆಯಿಂದ ಹೊರಗೆ ಬಂದು ಶರಣ್ಯಾಳ ಪಕ್ಕ ಕೂತಳು. "ಸಾರಿ, ಫಾರ್ ಲಾಫಿಂಗ್ ದಟ್ ಡೇ" ಎಂದಳು. ಶರಣ್ಯಾಗೆ ಯಾವ ದಿನ ಎಂದು ನೆನಪಾಗಲು ತುಸು ಹೊತ್ತು ಹಿಡಿಯಿತು.

ಜನವರಿಯಲ್ಲಿ ಸ್ಯಾಮುವೆಲ್ ಬರುವುದನ್ನು ನಿಲ್ಲಿಸಿದ. ಕುವೈತಿನಲ್ಲಿ ಆಗ ಎಲ್ಲಿ ನೋಡಿದರೂ ಪ್ಯಾಡೆಲ್ ಕೋರ್ಟು. ಗಾಜಿನ ಗೋಡೆಯೊಳಗೆ ಚೆಂಡು ಬಡಿಯುವ ಆ ಆಟಕ್ಕೆ ಅವನು ಹೊರಟುಹೋಗಿದ್ದ. ತಂಡಕ್ಕೆ ಒಂದು ಮಾತು ಹೇಳಲಿಲ್ಲ, ಸೀಟಿಯನ್ನೂ ಹಿಂದಕ್ಕೆ ಕೊಡಲಿಲ್ಲ. ಅವನು ಎಂದೂ ಇದ್ದವನಲ್ಲ, ಕೆಲವು ವಾರ ನಮ್ಮ ಮೈದಾನದಲ್ಲಿ ಫೋಟೋ ತೆಗೆಸಿಕೊಂಡ, ಅಷ್ಟೇ ಎಂದಳು ಬೆನೆಡಿಕ್ಟಾ. ಈ ಮಾತನ್ನು ಅವಳು ಶಮೀಲಾಗೆ ಹೇಳಲಿಲ್ಲ. ಆಟಗಾರ್ತಿಯರಿಗೇ, ಹುಲ್ಲಿನ ಮೇಲೆ ನಿಂತು ಹೇಳಿದಳು. ಒಂಬತ್ತು ಜನ ಉಳಿದಿದ್ದರು.

ನಡುವನ್ನು ಗಟ್ಟಿಮಾಡುವುದು ಹೇಗೆಂದು ಅವಳು ಕಲಿಸಿದಳು: ಒಬ್ಬಳು ಮಂಡಿ ಬಾಗಿಸಿ ನಿಲ್ಲಬೇಕು, ಇನ್ನಿಬ್ಬರು ಎಡದಿಂದ ಬಲದಿಂದ ತಳ್ಳಬೇಕು, ನಿಂತವಳು ತಿರುಚಬಾರದು. ಟವೆಲ್ಲಿನ ಒಂದು ತುದಿ ಒಬ್ಬಳು, ಮತ್ತೊಂದು ತುದಿ ಇನ್ನೊಬ್ಬಳು ಹಿಡಿದು ಜಗ್ಗಬೇಕು. ಕೆಡವುವ ಪಾಠ ಶರಣ್ಯಾಳದು. ಮಾತು ಕಡಿಮೆ, ತಪ್ಪಾದರೆ ಕೈ ಹಿಡಿದು ಸರಿಯಾದ ಜಾಗದಲ್ಲಿಡುತ್ತಿದ್ದಳು.

ಬ್ರೆಂಡಾ ಆಡಲು ಬಂದದ್ದು ಐದು ವಾರದ ನಂತರ, ಡಾಕ್ಟರ ಚೀಟಿ ಹಿಡಿದು. ಮನೆಯಲ್ಲಿ ಅವಳು ದೊಡ್ಡಮ್ಮನೊಂದಿಗೆ ಮಾತಾಡುತ್ತಿದ್ದಳು, ಆದರೆ ಮೊದಲಿನ ಹಾಗೆ ಫೋನು ತಿರುಗಿಸಿ ತೋರಿಸುತ್ತಿರಲಿಲ್ಲ. ಬೆನೆಡಿಕ್ಟಾ ಅದನ್ನು ಕೇಳಿ ಪಡೆಯಲೂ ಹೋಗಲಿಲ್ಲ. ಮೊದಲ ಮೂರು ಪ್ರಯತ್ನದಲ್ಲಿ ಬ್ರೆಂಡಾ ಶರಣ್ಯಾಳನ್ನು ತಬ್ಬುವ ಮೊದಲೇ ಕಣ್ಣು ಮುಚ್ಚಿದಳು. ನಾಲ್ಕನೆಯದರಲ್ಲಿ ಮುಚ್ಚಲಿಲ್ಲ.

"ಮೇಡಂ, ನೀವೂ ಒಮ್ಮೆ ಬನ್ನಿ," ಶರಣ್ಯಾ ಚೆಂಡು ಹಿಡಿದು ಕರೆದಳು. "ಮೆಲ್ಲ ಬರ್ತೇನೆ."

ಐವತ್ತೊಂದರ ಮಂಡಿ ಬಾಗಲು ಒಪ್ಪಲಿಲ್ಲ. ಬೆನೆಡಿಕ್ಟಾ ಬಲವಂತವಾಗಿ ಬಾಗಿಸಿ, ಎರಡು ಚಿಕ್ಕ ಹೆಜ್ಜೆ ಹಾಕಿ, ಕೈ ಚಾಚಿದಳು.

"ಸ್ಟಾಪ್," ಸಾಲಿನ ಕೊನೆಯಿಂದ ಬ್ರೆಂಡಾ ಕೂಗಿದಳು. "ಹೆಡ್ ರಾಂಗ್ ಸೈಡ್, ಮಾವ್ಶಿ. ಆಚೆ ಕಡೆ."

ಬೆನೆಡಿಕ್ಟಾ ತಲೆಯನ್ನು ಆಚೆ ಕಡೆಗೆ ಸರಿಸಿ, ಶರಣ್ಯಾಳ ಸೊಂಟಕ್ಕೆ ಕೆನ್ನೆ ಒತ್ತಿ, ಕಣ್ಣು ತೆರೆದೇ ಇಟ್ಟುಕೊಂಡು ತಬ್ಬಿದಳು. ಶರಣ್ಯಾ ಒಂದಿಷ್ಟೂ ಅಲುಗಲಿಲ್ಲ. ಬೆನೆಡಿಕ್ಟಾ ಒಬ್ಬಳೇ ಜಾರಿ ಹುಲ್ಲಿನ ಮೇಲೆ ಕೂತಳು. ಯಾರೋ ನಕ್ಕರು, ಅವಳೂ ನಕ್ಕಳು. ಆಮೇಲೆ ಏಳಲು ಒಂದು ಕೈ ಬೇಕಾಯಿತು, ಬ್ರೆಂಡಾ ಬಂದು ಕೈ ಕೊಟ್ಟಳು.